ಮಾಲೆ, ಡಬ್ಬಿ, ಟೋಪಿ, ಗಡಿಯಾರ: ವರ್ಷ ಕಳೆದರೂ ಬಿಟ್ಟುಹೋಗದ ಕೆಲವು ಸಿನಿಮಾ, ಕಾದಂಬರಿಗಳು

ಸಿನಿಮಾ ನೋಡಿದ ರಾತ್ರಿ ನಾನು ಅದರ ಬಗ್ಗೆ ಏನೂ ಬರೆಯುವುದಿಲ್ಲ. ಕಾದಂಬರಿ ಮುಗಿಸಿದ ದಿನವೂ ಅಷ್ಟೇ. ಹೆಸರು, ತಾರೀಖು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಸುಮ್ಮನಾಗುತ್ತೇನೆ. ಒಂದು ವರ್ಷ ಆದ ಮೇಲೆ ಆ ಪುಟ ತೆಗೆದು, ಏನು ನೆನಪಿದೆಯೋ ಅದನ್ನು ಮಾತ್ರ ಬರೆಯುತ್ತೇನೆ. ಮಧ್ಯೆ ಮತ್ತೆ ನೋಡುವ ಹಾಗಿಲ್ಲ, ಪುಸ್ತಕ ತೆರೆಯುವ ಹಾಗಿಲ್ಲ. ಒಂಬತ್ತು ವರ್ಷದಿಂದ ಈ ಅಭ್ಯಾಸ ನಡೆದುಕೊಂಡು ಬಂದಿದೆ.

ಬಹಳಷ್ಟು ಪುಟಗಳು ಖಾಲಿ ಉಳಿದಿವೆ. ನೋಡುವಾಗ ಬಿಕ್ಕಿ ಬಿಕ್ಕಿ ಅತ್ತ ಸಿನಿಮಾಗಳ ಪುಟಗಳೂ ಖಾಲಿ. ಅತ್ತಿದ್ದು ನೆನಪಿದೆ, ಯಾರಿಗಾಗಿ ಅತ್ತೆ ಅನ್ನೋದು ನೆನಪಿಲ್ಲ. ಪಿಟೀಲು ಜೋರಾದಾಗ ಕಣ್ಣು ತುಂಬಿತ್ತು, ಪಿಟೀಲು ನಿಂತಾಗ ಎಲ್ಲ ಮುಗಿದಿತ್ತು.

ತುಂಬಿದ ಪುಟಗಳನ್ನು ಮೊನ್ನೆ ಒಟ್ಟಿಗೆ ಕೂತು ಓದಿದೆ. ಹೆಚ್ಚುಕಡಿಮೆ ಎಲ್ಲದರಲ್ಲೂ ಒಂದೊಂದು ವಸ್ತುವಿನ ಹೆಸರಿದೆ. ಒಂದು ಮಾಲೆ. ಒಂದು ಮಿಠಾಯಿ ಡಬ್ಬಿ. ಒಂದು ಟೋಪಿ. ಅದರ ಒಡೆಯರು ಇಲ್ಲ, ವಸ್ತು ಮಾತ್ರ ಇನ್ನೊಬ್ಬರ ಕೈಯಲ್ಲಿದೆ.

ಅಪ್ಪ ಹೋಗಿ ನಾಲ್ಕು ವರ್ಷವಾಯಿತು. ಕೊನೆಯ ದಿನಗಳು ನನಗೆ ಈಗ ಮಸುಕು. ಆದರೆ ಅವರ ಕನ್ನಡಕದ ಡಬ್ಬಿ ತೆರೆದ ಸಂಜೆ ಚೆನ್ನಾಗಿ ನೆನಪಿದೆ. ಗಾಜು ಒರೆಸುವ ಬಟ್ಟೆಯ ಕೆಳಗೆ ಮಡಚಿಟ್ಟ ಚೀಟಿ ಇತ್ತು. ಅದರಲ್ಲಿ ನನ್ನ ಫೋನ್ ನಂಬರನ್ನು ಮೂರು ಸಲ ಬರೆದಿದ್ದರು. ಒಂದಕ್ಕಿಂತ ಒಂದು ದೊಡ್ಡ ಅಂಕಿ. ಕಣ್ಣು ಮಂಜಾಗುತ್ತಾ ಹೋದ ಹಾಗೆ ದೊಡ್ಡದಾಗಿ ಬರೆದುಕೊಂಡಿದ್ದಾರೆ ಅಂತ ಆಮೇಲೆ ಹೊಳೆಯಿತು. ನಾನು ಅತ್ತಿದ್ದು ಅವತ್ತು.

ಹಾಗಾಗಿ ಈ ವಿಮರ್ಶೆಯನ್ನು ನೋಟ್‌ಬುಕ್ ಮುಂದಿಟ್ಟುಕೊಂಡೇ ಬರೆಯುತ್ತಿದ್ದೇನೆ. ಕೊನೆ ಹೇಳದೆ ಇವುಗಳ ಬಗ್ಗೆ ಮಾತಾಡಲು ಆಗುವುದಿಲ್ಲ. ಕಥೆ ಮೊದಲೇ ಗೊತ್ತಾಗುವುದು ಬೇಡ ಅನ್ನುವವರು ಹೆಸರುಗಳನ್ನಷ್ಟೇ ಗುರುತು ಹಾಕಿಕೊಳ್ಳಿ.

ಮೊದಲನೆಯದು 'ಪಥೇರ್ ಪಾಂಚಾಲಿ'. ಸತ್ಯಜಿತ್ ರಾಯ್ ಅವರ ಮೊದಲ ಸಿನಿಮಾ, 1955ರದ್ದು. ಕ್ಯಾಮೆರಾ ಹಿಡಿದ ಸುಬ್ರತ ಮಿತ್ರ ಅದಕ್ಕೆ ಮೊದಲು ಸಿನಿಮಾ ಕ್ಯಾಮೆರಾ ಮುಟ್ಟಿದವರಲ್ಲ. ಸಂಗೀತ ರವಿಶಂಕರ್. ಬಡ ಪುರೋಹಿತ ಹರಿಹರ, ಅವನ ಹೆಂಡತಿ ಸರ್ಬಜಯಾ, ಮಗಳು ದುರ್ಗಾ, ಮಗ ಅಪು. ಮಳೆಯಲ್ಲಿ ನೆನೆದು ಜ್ವರ ಬಂದು ದುರ್ಗಾ ಸಾಯುತ್ತಾಳೆ. ಅಪ್ಪ ಆಗ ಊರಲ್ಲಿಲ್ಲ.

ಹರಿಹರ ಬಹಳ ದಿನದ ಮೇಲೆ ವಾಪಸು ಬರುತ್ತಾನೆ. ಬಿರುಗಾಳಿಗೆ ಮನೆ ಹಾಳಾಗಿದೆ. ಅವನಿಗೆ ಏನೂ ಗೊತ್ತಿಲ್ಲ. ತಂದ ಸಾಮಾನು ಒಂದೊಂದಾಗಿ ತೆಗೆದು ಹೆಂಡತಿಗೆ ತೋರಿಸುತ್ತಾನೆ. ಕೊನೆಗೆ ದುರ್ಗಾಳಿಗೆ ಅಂತ ತಂದ ಸೀರೆ ತೆಗೆಯುತ್ತಾನೆ. ಅಷ್ಟು ದಿನ ಬಿಗಿಹಿಡಿದಿದ್ದ ಸರ್ಬಜಯಾ ಅಲ್ಲಿ ಒಡೆದುಹೋಗುತ್ತಾಳೆ. ಅವಳ ಬಾಯಿ ತೆರೆಯುತ್ತದೆ, ಆದರೆ ಅಳುವ ದನಿ ನಮಗೆ ಕೇಳುವುದಿಲ್ಲ. ಆ ಜಾಗದಲ್ಲಿ ತಾರ್ ಶಹನಾಯಿ ಅನ್ನುವ ತಂತಿ ವಾದ್ಯದ ದನಿ ಬರುತ್ತದೆ. ಈ ದೃಶ್ಯದ ಬಗ್ಗೆ ಜನ ತುಂಬಾ ಬರೆದಿದ್ದಾರೆ, ಸರಿಯಾಗಿಯೇ ಬರೆದಿದ್ದಾರೆ. ಅಪು ಮನೆಯ ಹೊರಗೆ ನಿಂತು ಅದನ್ನೆಲ್ಲ ಕೇಳಿಸಿಕೊಳ್ಳುತ್ತಾನೆ. ನನಗೆ ಆ ಹುಡುಗನ ಮುಖವೇ ಜಾಸ್ತಿ ನೆನಪು.

ಆದರೆ ವರ್ಷದ ಮೇಲೆ ನಾನು ಬರೆದಿದ್ದು ಸೀರೆಯ ಬಗ್ಗೆ ಅಲ್ಲ. ಪಕ್ಕದ ಮನೆಯವರ ಮಣಿಸರ ಕದ್ದಳು ಅಂತ ದುರ್ಗಾಳ ಮೇಲೆ ಹಿಂದೆ ಆರೋಪ ಬಂದಿರುತ್ತದೆ. ನಾನು ಕದ್ದಿಲ್ಲ ಅಂತ ಅವಳು ಹೇಳಿರುತ್ತಾಳೆ, ಅಮ್ಮನ ಕೈಯಲ್ಲಿ ಹೊಡೆತವನ್ನೂ ತಿಂದಿರುತ್ತಾಳೆ. ಊರು ಬಿಟ್ಟು ಹೋಗಲು ಮನೆ ಖಾಲಿ ಮಾಡುವಾಗ ಮೇಲಿನ ಹಲಗೆಯ ಮೇಲೆ ಅಪುವಿನ ಕೈಗೆ ಒಂದು ಚಿಪ್ಪು ಸಿಗುತ್ತದೆ. ಒಳಗೆ ಅದೇ ಸರ. ಅವನು ಯಾರಿಗೂ ಹೇಳುವುದಿಲ್ಲ. ಓಡಿಹೋಗಿ ಕೊಳಕ್ಕೆ ಎಸೆಯುತ್ತಾನೆ. ನೀರಿನ ಮೇಲಿನ ಪಾಚಿ ಸರಿದು ಕಪ್ಪು ನೀರು ಕಾಣುತ್ತದೆ. ಆಮೇಲೆ ಪಾಚಿ ನಿಧಾನವಾಗಿ ಮುಚ್ಚಿಕೊಳ್ಳುತ್ತದೆ.

ಅಷ್ಟೇ. ಒಂದು ಮಾತಿಲ್ಲ. ಅಕ್ಕ ಕದ್ದಿದ್ದು ನಿಜ ಅಂತ ಆ ಮಗುವಿಗೆ ಗೊತ್ತಾಯಿತು. ಅದನ್ನು ಲೋಕದಿಂದ ಮುಚ್ಚಿಟ್ಟ. ಸತ್ತವಳಿಗೆ ಅವನು ಮಾಡಬಹುದಾದ ಒಂದೇ ಕೆಲಸ ಅದು. ಮೊದಲ ಸಲ ನೋಡಿದಾಗ ನಾನು ಪಾಚಿ ಪೂರ್ತಿ ಮುಚ್ಚುವವರೆಗೆ ಉಸಿರು ಹಿಡಿದು ಕೂತಿದ್ದೆ.

ಬಿಭೂತಿಭೂಷಣ ಬಂದ್ಯೋಪಾಧ್ಯಾಯರ ಕಾದಂಬರಿ ಪುಸ್ತಕವಾಗಿ ಬಂದಿದ್ದು 1929ರಲ್ಲಿ. ಅನುವಾದದಲ್ಲಿ ಓದಿದಾಗ ನನಗೆ ಆಶ್ಚರ್ಯ ಕಾದಿತ್ತು. ಅಲ್ಲಿ ಅಪುವಿಗೆ ಸಿಗುವುದು ಕುಂಕುಮ ಇಡುವ ಚಿನ್ನದ ಪುಟ್ಟ ಭರಣಿ. ಅವನು ಎಸೆಯುವುದು ಬಿದಿರು ಮೆಳೆಯೊಳಗೆ. ರಾಯ್ ಚಿನ್ನವನ್ನು ಮಣಿ ಮಾಡಿದರು, ಬಿದಿರನ್ನು ನೀರು ಮಾಡಿದರು. ನನಗೆ ಸಿನಿಮಾದ ಆಯ್ಕೆಯೇ ಹೆಚ್ಚು ಇಷ್ಟ. ಮಣಿಸರಕ್ಕೆ ಬೆಲೆಯೇ ಇಲ್ಲ, ಅದಕ್ಕಾಗಿ ಆ ಹುಡುಗಿ ಅಷ್ಟು ಮಾತು ಕೇಳಿದಳಲ್ಲ ಅನ್ನೋ ನೋವು ದೊಡ್ಡದಾಗುತ್ತದೆ. ಆದರೆ ಕಾದಂಬರಿಯಲ್ಲಿ ಸಿನಿಮಾ ಕೊಡದ ಒಂದು ಸಂಕಟವಿದೆ. ಕಾಯಿಲೆ ಮಲಗಿದ ದುರ್ಗಾ ತಮ್ಮನನ್ನು ಕೇಳುತ್ತಾಳೆ: ನನಗೊಂದು ದಿನ ರೈಲು ತೋರಿಸ್ತೀಯಾ? ಸಿನಿಮಾದ ಹೂಬಯಲಿನ ರೈಲನ್ನು ನೋಡಿದ ಮೇಲೆ ಆ ಸಾಲು ಓದಿದರೆ ಪುಸ್ತಕ ಕೆಳಗಿಡಬೇಕಾಗುತ್ತದೆ. ಎರಡನ್ನೂ ತೆಗೆದುಕೊಳ್ಳಿ. ಸಿನಿಮಾ ಮೊದಲು, ಪುಸ್ತಕ ಆಮೇಲೆ.

ಒಂದು ಕೋರಿಕೆ. ಹಳೆಯ ಮಸುಕು ಪ್ರತಿ ನೋಡಬೇಡಿ. ಮೂಲ ನೆಗೆಟಿವ್ 1993ರಲ್ಲಿ ಲಂಡನ್ನಿನ ಒಂದು ಲ್ಯಾಬ್‌ನ ಬೆಂಕಿಯಲ್ಲಿ ಹಾಳಾಗಿತ್ತು. ಉಳಿದದ್ದನ್ನು ಜೋಡಿಸಿ, ಶುದ್ಧ ಮಾಡಿ 2015ರಲ್ಲಿ ಹೊಸ ಪ್ರತಿ ಹೊರಬಂತು. ಅದರಲ್ಲಿ ಆ ಪಾಚಿಯ ಒಂದೊಂದು ಎಲೆಯೂ ಕಾಣುತ್ತದೆ.

'ಗ್ರೇವ್ ಆಫ್ ದ ಫೈರ್‌ಫ್ಲೈಸ್' ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಯಾಕೆಂದರೆ ನನಗೆ ಇದನ್ನು ಎರಡನೇ ಸಲ ನೋಡಲು ಆಗಲಿಲ್ಲ. ಇಸಾವೊ ತಾಕಾಹಾತಾ ಅವರ 1988ರ ಅನಿಮೇಷನ್. ಅನಿಮೇಷನ್ ಅಂದಮೇಲೆ ಮಕ್ಕಳದ್ದು ಅಂತ ಚಿಕ್ಕವರನ್ನು ಜೊತೆಗೆ ಕೂರಿಸಿಕೊಳ್ಳಬೇಡಿ, ದಯವಿಟ್ಟು. ಜಪಾನಿನಲ್ಲಿ ಯುದ್ಧದ ಕೊನೆಯ ತಿಂಗಳುಗಳು. ಬಾಂಬ್ ದಾಳಿಯಲ್ಲಿ ತಾಯಿ ಸತ್ತಿದ್ದಾಳೆ. ಅಣ್ಣ ಸೇಯಿತಾ, ನಾಲ್ಕು ವರ್ಷದ ತಂಗಿ ಸೆತ್ಸುಕೊ. ಇಬ್ಬರಿಗೂ ಹೊಟ್ಟೆಗಿಲ್ಲ.

ಶುರುವಿನಲ್ಲೇ ಸೇಯಿತಾ ರೈಲು ನಿಲ್ದಾಣದಲ್ಲಿ ಸಾಯುತ್ತಾನೆ. ಗುಡಿಸುವವನು ಅವನ ಹತ್ತಿರ ಸಿಕ್ಕಿದ ತಗಡಿನ ಮಿಠಾಯಿ ಡಬ್ಬಿಯನ್ನು ಹೊರಗೆ ಹುಲ್ಲಿಗೆ ಎಸೆಯುತ್ತಾನೆ. ಮುಚ್ಚಳ ಬಿಚ್ಚಿ ಏನೋ ಬೆಳ್ಳಗಿನ ಚೂರುಗಳು ಬೀಳುತ್ತವೆ. ಆಗ ನಮಗೆ ಅದು ಏನು ಅಂತ ತಿಳಿಯುವುದಿಲ್ಲ. ಮುಂದಿನ ಒಂದೂವರೆ ಗಂಟೆ ಪೂರ್ತಿ ಅದೇ ಡಬ್ಬಿ ನಮ್ಮ ಕಣ್ಣ ಮುಂದೆ ಇರುತ್ತದೆ. ಮೊದಲು ಅದರಲ್ಲಿ ಮಿಠಾಯಿ. ಮಿಠಾಯಿ ಮುಗಿದ ಮೇಲೆ ಅಣ್ಣ ನೀರು ಹಾಕಿ ಕುಲುಕಿ ತಂಗಿಗೆ ಕುಡಿಸುತ್ತಾನೆ. ಎಲ್ಲ ರುಚಿಯೂ ಇದೆ ಅಂತ ಅವಳಿಗೆ ಖುಷಿಯೋ ಖುಷಿ. ಕೊನೆಗೆ ಡಬ್ಬಿಯಲ್ಲಿ ಉಳಿಯುವುದು ಅವಳ ಮೂಳೆಗಳು.

ಮೂಲ ಕಥೆ ಬರೆದ ಅಕಿಯುಕಿ ನೊಸಾಕಾ ಅವರ ಪುಟ್ಟ ಸಾಕುತಂಗಿ 1945ರಲ್ಲಿ ಹೊಟ್ಟೆಗಿಲ್ಲದೆ ತೀರಿಹೋದಳು. ಅವರು ಕಥೆ ಬರೆದದ್ದು 1967ರಲ್ಲಿ. ಇಪ್ಪತ್ತೆರಡು ವರ್ಷ ಆ ಮನುಷ್ಯ ಆ ತಂಗಿಯನ್ನು ಒಳಗೆ ಇಟ್ಟುಕೊಂಡು ಓಡಾಡಿದ್ದಾರೆ. ಕಥೆಯಲ್ಲಿ ಅಣ್ಣನನ್ನೂ ಸಾಯಿಸಿದ್ದಾರೆ. ಅದನ್ನು ಯೋಚಿಸಿದಾಗ ನನಗೆ ಸಿನಿಮಾಗಿಂತ ಹೆಚ್ಚು ದುಃಖವಾಯಿತು.

ಮುಂದಿನ ಎರಡನ್ನು ಒಟ್ಟಿಗೆ ನೋಡಬೇಕು ಅನ್ನೋದು ನನ್ನ ಬಲವಾದ ಅಭಿಪ್ರಾಯ. ಅಕಿರಾ ಕುರೊಸಾವಾ ಅವರ 'ಇಕಿರು', 1952. ಗಿರೀಶ್ ಕಾಸರವಳ್ಳಿ ಅವರ 'ತಬರನ ಕಥೆ', 1986. ಬೇರೆ ಬೇರೆ ದೇಶ, ಮಧ್ಯೆ ಮೂವತ್ತನಾಲ್ಕು ವರ್ಷ. ಆದರೆ ಕಚೇರಿ ಒಂದೇ. 'ಇಕಿರು' ಮೇಜಿನ ಆ ಕಡೆ ಕೂತವನ ಕಥೆ, 'ತಬರನ ಕಥೆ' ಮೇಜಿನ ಈ ಕಡೆ ನಿಂತವನ ಕಥೆ.

'ಇಕಿರು' ಸಿನಿಮಾದ ವಾತಾನಾಬೆ ಸುಮಾರು ಮೂವತ್ತು ವರ್ಷ ಕಡತಗಳಿಗೆ ಠಸ್ಸೆ ಒತ್ತಿದ ಅಧಿಕಾರಿ. ಹೊಟ್ಟೆಯಲ್ಲಿ ಕ್ಯಾನ್ಸರ್. ಸಿನಿಮಾ ಶುರುವಾಗುವುದೇ ಅವನ ಹೊಟ್ಟೆಯ ಎಕ್ಸ್‌ರೇಯಿಂದ. ಕೊಳಚೆ ನಿಂತ ಜಾಗವನ್ನು ಸರಿಮಾಡಿ ಮಕ್ಕಳಿಗೆ ಪಾರ್ಕ್ ಕೊಡಿ ಅಂತ ಕೆಲವು ಹೆಂಗಸರು ಬಂದಿರುತ್ತಾರೆ. ಅವರನ್ನು ಒಂದು ವಿಭಾಗದಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಓಡಿಸುವ ದೃಶ್ಯ ನೋಡಿ. ಎಪ್ಪತ್ತು ವರ್ಷ ಹಳೆಯದು ಅನ್ನಿಸುವುದೇ ಇಲ್ಲ. ಸಾಯುವ ಮೊದಲು ಆ ಒಂದು ಪಾರ್ಕನ್ನು ಮಾಡಿಯೇ ಹೋಗಬೇಕು ಅಂತ ವಾತಾನಾಬೆ ನಿರ್ಧರಿಸುತ್ತಾನೆ.

ಇಲ್ಲಿ ಕುರೊಸಾವಾ ಒಂದು ಧೈರ್ಯ ಮಾಡುತ್ತಾರೆ. ಕಥಾನಾಯಕ ಸಿನಿಮಾ ಮುಗಿಯಲು ಸಾಕಷ್ಟು ಹೊತ್ತು ಇರುವಾಗಲೇ ಸತ್ತುಹೋಗುತ್ತಾನೆ. ಉಳಿದಿದ್ದೆಲ್ಲ ಅವನ ಫೋಟೋ ಮುಂದೆ ಕೂತು ಸಹೋದ್ಯೋಗಿಗಳು ಕುಡಿಯುತ್ತಾ ಆಡುವ ಮಾತು. ಪಾರ್ಕ್ ಮಾಡಿದ್ದು ಅವನಲ್ಲ ಅಂತ ಶುರುವಾಗುತ್ತದೆ, ಅವನೇ ಅಂತ ನಿಧಾನವಾಗಿ ಒಪ್ಪಿಕೊಳ್ಳುತ್ತಾರೆ. ನಡುವೆ ಒಬ್ಬ ಪೊಲೀಸ್ ಬರುತ್ತಾನೆ. ಅವನ ಕೈಯಲ್ಲಿ ವಾತಾನಾಬೆಯ ಟೋಪಿ, ಪಾರ್ಕಿನಲ್ಲಿ ಸಿಕ್ಕಿದ್ದು. ಕಾಯಿಲೆ ಗೊತ್ತಾದ ಮೇಲೆ, ಹಳೆಯದು ಕಳೆದುಹೋಗಿ, ಅವನು ಆಸೆಯಿಂದ ಕೊಂಡಿದ್ದ ಹೊಸ ಟೋಪಿ ಅದು. ಹಿಂದಿನ ರಾತ್ರಿ ಹಿಮ ಬೀಳುವಾಗ ಆತ ಉಯ್ಯಾಲೆಯಲ್ಲಿ ಕೂತು ಹಾಡುತ್ತಿದ್ದ, ಖುಷಿಯಾಗಿದ್ದ ಹಾಗಿತ್ತು, ನಾನು ಹಾಗೇ ಬಿಟ್ಟುಬಂದೆ ಅಂತ ಪೊಲೀಸ್ ಹೇಳುತ್ತಾನೆ. ವಾತಾನಾಬೆಯ ಪಾತ್ರ ಮಾಡಿದ ತಕಾಶಿ ಶಿಮುರಾ ಆ ಉಯ್ಯಾಲೆಯಲ್ಲಿ ಕೂತ ಚಿತ್ರವನ್ನು ಸಿನಿಮಾ ನೋಡದವರೂ ಎಲ್ಲೋ ನೋಡಿರುತ್ತಾರೆ. ನನ್ನ ನೋಟ್‌ಬುಕ್ಕಿನಲ್ಲಿರುವುದು ಮಾತ್ರ ಟೋಪಿ.

ಮಧ್ಯದಲ್ಲಿ ಕುಡಿದು ಅಲೆಯುವ ರಾತ್ರಿ ಸ್ವಲ್ಪ ಉದ್ದವಾಯಿತು ಅನ್ನಿಸಿತು. ಎರಡು ಗಂಟೆ ಇಪ್ಪತ್ತು ನಿಮಿಷದ ಸಿನಿಮಾ, ತಾಳ್ಮೆ ಬೇಕು. ಆದರೆ ಅವನು ಅದೇ ಹಾಡನ್ನು ಮೊದಲ ಸಲ ಹಾಡುವುದು ಆ ರಾತ್ರಿ. ಹಾಗಾಗಿ ಓಡಿಸಿಕೊಂಡು ನೋಡಬೇಡಿ.

'ತಬರನ ಕಥೆ' ಪೂರ್ಣಚಂದ್ರ ತೇಜಸ್ವಿಯವರ ಕಥೆ. ಸರ್ಕಾರಿ ಕೆಲಸದಿಂದ ನಿವೃತ್ತನಾದ ತಬರ ತನ್ನ ಪಿಂಚಣಿಗಾಗಿ ಅಲೆಯುತ್ತಾನೆ. ಹೆಂಡತಿಗೆ ಸಕ್ಕರೆ ಕಾಯಿಲೆ, ಕಾಲಿನ ಗಾಯ ಕೊಳೆಯುತ್ತಿದೆ. ಕಾಗದ ಮಾತ್ರ ಮುಂದೆ ಹೋಗುವುದಿಲ್ಲ. ಪಿಂಚಣಿ ಬರುವಷ್ಟರಲ್ಲಿ ಆಕೆ ಇರುವುದಿಲ್ಲ. ಚಾರುಹಾಸನ್ ಈ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು, ಸಿನಿಮಾಗೂ ವರ್ಷದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ಬಂತು. ಈ ಪುಟದಲ್ಲಿ ನಾನು ಬರೆದ ವಸ್ತು ಕಾಗದ. ಬೇರೆ ಕಥೆಗಳಲ್ಲಿ ವಸ್ತುವಿನ ಒಳಗೆ ಒಬ್ಬ ಮನುಷ್ಯ ಉಳಿದುಕೊಂಡಿರುತ್ತಾನೆ. ಇಲ್ಲಿ ಆ ಕಾಗದದಲ್ಲಿ ತಬರನೂ ಇಲ್ಲ, ಅವನ ಹೆಂಡತಿಯೂ ಇಲ್ಲ. ಸಹಿ ಇದೆ, ಮೊಹರು ಇದೆ. ಇದನ್ನು ನೋಡಿದ ಮೇಲೆ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆ ಸಿಟ್ಟು ಇನ್ನೂ ಹಾಗೇ ಇದೆ.

'ಇಕಿರು' ಕೊನೆಯಲ್ಲಿ ಸಹೋದ್ಯೋಗಿಗಳು ಕುಡಿದ ಅಮಲಿನಲ್ಲಿ ನಾವೂ ಬದಲಾಗುತ್ತೇವೆ ಅಂತ ಶಪಥ ಮಾಡುತ್ತಾರೆ. ಮರುದಿನ ಕಚೇರಿ ಹಿಂದಿನ ಹಾಗೇ ನಡೆಯುತ್ತದೆ. ಒಬ್ಬ ಮಾತ್ರ ಎದ್ದು ನಿಲ್ಲುತ್ತಾನೆ, ಮತ್ತೆ ಕೂತುಬಿಡುತ್ತಾನೆ. ಕಾಗದದ ರಾಶಿಯ ಹಿಂದೆ ಅವನ ಮುಖ ಮರೆಯಾಗುತ್ತದೆ. ಅದನ್ನು ನೋಡಿದ ಕೂಡಲೇ 'ತಬರನ ಕಥೆ' ಹಾಕಿ. ಆ ರಾಶಿಯ ಈಚೆ ಬದಿಯಲ್ಲಿ ಯಾರು ನಿಂತಿದ್ದಾರೆ ಅಂತ ಕಾಣುತ್ತದೆ.

ಶಿವರಾಮ ಕಾರಂತರ 'ಚೋಮನ ದುಡಿ' 1933ರ ಕಾದಂಬರಿ. ಪುಟ ಕಡಿಮೆ, ಒಂದೇ ದಿನದಲ್ಲಿ ಓದಿ ಮುಗಿಯುತ್ತದೆ. ನಾನು ಮೊದಲು ಓದಿದಾಗ ಹದಿನೆಂಟು ವರ್ಷ. ಚೋಮನಿಗೆ ಸ್ವಂತ ಬೇಸಾಯ ಮಾಡುವ ಆಸೆ. ಒಂದು ಜೋಡಿ ಎತ್ತು ಇಟ್ಟುಕೊಂಡಿದ್ದಾನೆ, ಆದರೆ ಹೊಲೆಯನಿಗೆ ಗೇಣಿಗೆ ಗದ್ದೆ ಕೊಡುವವರಿಲ್ಲ. ಸಂತೋಷವಾದರೂ ದುಡಿ, ಸಂಕಟವಾದರೂ ದುಡಿ. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕಳೆದುಕೊಳ್ಳುತ್ತಾನೆ. ಒಬ್ಬ ಮಗ ಜನರ ಕಣ್ಣೆದುರೇ ನೀರಲ್ಲಿ ಮುಳುಗುತ್ತಾನೆ. ಮುಟ್ಟಿದರೆ ಮೈಲಿಗೆ ಅಂತ ಎತ್ತುವವರಿಲ್ಲ. ಕೊನೆಗೆ ಚೋಮ ದುಡಿ ಬಾರಿಸುತ್ತಾ ಬಾರಿಸುತ್ತಾ ಪ್ರಾಣ ಬಿಡುತ್ತಾನೆ.

ಹದಿನೆಂಟರಲ್ಲಿ ನನಗೆ ಇದು ಚೋಮನ ಕಥೆ ಆಗಿತ್ತು. ಎರಡನೇ ಸಲ ಓದಿದಾಗ ಮಗಳು ಬೆಳ್ಳಿಯಿಂದ ಕಣ್ಣು ತೆಗೆಯಲು ಆಗಲಿಲ್ಲ. ಮನೆಯ ಸಾಲಕ್ಕಾಗಿ ತೋಟಕ್ಕೆ ದುಡಿಯಲು ಹೋಗಿ ಬಂದವಳು ಅವಳು. ತಮ್ಮಂದಿರನ್ನು ನೋಡಿಕೊಂಡವಳು ಅವಳು. ಅಪ್ಪನಿಗೆ ತನ್ನ ಎದೆಯೊಳಗಿನದ್ದನ್ನು ಹೊರಹಾಕಲು ದುಡಿಯಾದರೂ ಇತ್ತು. ಅವಳಿಗೆ ಏನಿತ್ತು? ಕಾರಂತರು ಅವಳಿಗೆ ಇನ್ನಷ್ಟು ಪುಟ ಕೊಡಬೇಕಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಬಿ.ವಿ. ಕಾರಂತರ 1975ರ ಸಿನಿಮಾದಲ್ಲಿ ಚೋಮನಾಗಿ ಎಂ.ವಿ. ವಾಸುದೇವರಾವ್ ಇದ್ದಾರೆ. ಅದೂ ಸ್ವರ್ಣಕಮಲ ಪಡೆದ ಸಿನಿಮಾ. ಓದುವಾಗ ನಾನು ಊಹಿಸಿಕೊಂಡ ದುಡಿಗಿಂತ ಕೇಳಿದ ದುಡಿ ಹೆಚ್ಚು ಒರಟಾಗಿತ್ತು, ಮತ್ತು ಅದೇ ಸರಿ.

ಕಜುವೊ ಇಶಿಗುರೊ ಅವರ 'ದ ರಿಮೇನ್ಸ್ ಆಫ್ ದ ಡೇ' 1989ರಲ್ಲಿ ಬಂದು ಅದೇ ವರ್ಷ ಬೂಕರ್ ಪ್ರಶಸ್ತಿ ಪಡೆದ ಕಾದಂಬರಿ. ಇದೇ ಇಶಿಗುರೊ ಮುಂದೆ 2022ರಲ್ಲಿ 'ಇಕಿರು' ಇಂಗ್ಲಿಷಿನಲ್ಲಿ 'ಲಿವಿಂಗ್' ಆಗಿ ಬಂದಾಗ ಅದರ ಚಿತ್ರಕಥೆ ಬರೆದರು. ಎರಡನ್ನೂ ಓದಿ, ನೋಡಿದವರಿಗೆ ಈ ನಂಟು ಅಚ್ಚರಿ ಅನ್ನಿಸುವುದಿಲ್ಲ. ಸ್ಟೀವನ್ಸ್ ಒಬ್ಬ ಲಾರ್ಡ್ ಮನೆಯ ಮುಖ್ಯ ಸೇವಕ. ಮೇಲಿನ ಕೋಣೆಯಲ್ಲಿ ಅವನ ಅಪ್ಪ ಸಾಯುತ್ತಿದ್ದಾನೆ, ಕೆಳಗೆ ದೊಡ್ಡವರ ಸಭೆ ನಡೆದಿದೆ. ಅವನು ಕೆಳಗೆ ಅತಿಥಿಗಳನ್ನು ನೋಡಿಕೊಳ್ಳುತ್ತಲೇ ಇರುತ್ತಾನೆ. ಕಥೆ ಹೇಳುತ್ತಿರುವವನು ಅವನೇ, ಆದರೆ ತಾನು ಅತ್ತೆ ಅಂತ ಎಲ್ಲೂ ಹೇಳುವುದಿಲ್ಲ. ಯಜಮಾನ ಕೇಳುತ್ತಾನೆ, ನೀನು ಅಳುತ್ತಿರುವ ಹಾಗಿದೆಯಲ್ಲ. ಇವನು ನಕ್ಕು, ಕರವಸ್ತ್ರ ತೆಗೆದು ಮುಖ ಒರೆಸಿಕೊಂಡು, ಇಡೀ ದಿನದ ಕೆಲಸದ ಆಯಾಸ ಅನ್ನುತ್ತಾನೆ. ನಮಗೆ ಅವನ ಕಣ್ಣೀರು ಗೊತ್ತಾಗುವುದು ಆ ಕರವಸ್ತ್ರದಿಂದ ಮಾತ್ರ.

ಮೊದಲ ಐವತ್ತು ಪುಟ ಬಿಗಿಯಾಗಿದೆ, ಬೆಳ್ಳಿ ಸಾಮಾನು ಹೊಳೆಯಿಸುವ ವಿಷಯವೆಲ್ಲ ಬರುತ್ತದೆ. ನನ್ನ ಗೆಳತಿ ಒಬ್ಬಳು ಅಲ್ಲೇ ಬಿಟ್ಟುಬಿಟ್ಟಳು. ಬಿಡಬೇಡಿ. ಅವನ ಬಿಗಿ ಅಭ್ಯಾಸವಾದ ಮೇಲೆಯೇ ಅದು ಸಡಿಲವಾಗುವ ಒಂದು ವಾಕ್ಯ ನಿಮ್ಮನ್ನು ತಾಕುತ್ತದೆ.

ಕೊನೆಗೆ 'ಟೋಕಿಯೋ ಸ್ಟೋರಿ', ಯಸುಜಿರೊ ಓಜು, 1953. ಇದನ್ನು ನಾನು ಒಬ್ಬಳೇ ಎರಡು ಸಲ ನೋಡಿದ್ದೆ. ಅಪ್ಪ ಹೋದ ಮರುವರ್ಷ ಅಮ್ಮನ ಜೊತೆ ಮೂರನೇ ಸಲ ನೋಡಿದೆ. ಅಮ್ಮನಿಗೆ ಕೆಳಗಿನ ಇಂಗ್ಲಿಷ್ ಸಾಲುಗಳನ್ನು ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಹೇಳಬೇಕಾಗಿದ್ದು ಬಹಳ ಕಡಿಮೆ.

ವಯಸ್ಸಾದ ಗಂಡ ಹೆಂಡತಿ ದೂರದ ಒನೊಮಿಚಿಯಿಂದ ಟೋಕಿಯೋಗೆ ಮಕ್ಕಳನ್ನು ನೋಡಲು ಬರುತ್ತಾರೆ. ಮಕ್ಕಳಿಗೆ ಪುರುಸೊತ್ತಿಲ್ಲ. ಕೆಟ್ಟವರೇನಲ್ಲ, ಬಿಡುವಿಲ್ಲ ಅಷ್ಟೇ. ಯುದ್ಧದಲ್ಲಿ ಸತ್ತ ಮಗನ ಹೆಂಡತಿ ನೊರಿಕೊ ಮಾತ್ರ ಕೆಲಸಕ್ಕೆ ರಜೆ ಹಾಕಿ ಊರು ತೋರಿಸುತ್ತಾಳೆ. ವಾಪಸು ಹೋದ ಮೇಲೆ ತಾಯಿ ತೀರಿಕೊಳ್ಳುತ್ತಾಳೆ. ಬೆಳಗಿನ ಜಾವ ಅಪ್ಪ ಹೊರಗೆ ಒಬ್ಬನೇ ನಿಂತಿರುತ್ತಾನೆ. ನೊರಿಕೊ ಹುಡುಕಿಕೊಂಡು ಬಂದರೆ, ಸೂರ್ಯೋದಯ ಚೆನ್ನಾಗಿತ್ತು, ಇವತ್ತೂ ಬಿಸಿಲು ಜೋರಿರುತ್ತೆ ಅನ್ನುತ್ತಾನೆ. ನಾನು ಅದನ್ನು ಹೇಳಿದಾಗ ಅಮ್ಮ ತಲೆಯಾಡಿಸಿದರು. ಏನೂ ಕೇಳಲಿಲ್ಲ.

ಅಂತ್ಯಕ್ರಿಯೆ ಮುಗಿದ ಊಟದಲ್ಲೇ ಮಗಳೊಬ್ಬಳು ಅಮ್ಮನ ಬಟ್ಟೆ ತನಗೆ ಬೇಕು ಅನ್ನುತ್ತಾಳೆ. ಆಮೇಲೆ ಎಲ್ಲರೂ ಹೋಗುತ್ತಾರೆ. ನೊರಿಕೊ ಹೊರಡುವಾಗ ಮಾವ ಹೆಂಡತಿಯ ಗಡಿಯಾರ ತಂದು ಅವಳ ಕೈಗಿಡುತ್ತಾನೆ. ರೈಲಿನಲ್ಲಿ ಅವಳು ಅದನ್ನು ತೆಗೆದು ನೋಡುತ್ತಾಳೆ. ಎರಡು ಪುಟಗಳಲ್ಲಿ, ಎರಡು ಬೇರೆ ವರ್ಷ, ನಾನು ಬರೆದಿದ್ದು ಆ ಗಡಿಯಾರವನ್ನೇ.

ಸಿನಿಮಾ ಮುಗಿದ ಮೇಲೆ ಅಮ್ಮ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದರು. ಆಮೇಲೆ, ಶುರುವಿನದು ಇನ್ನೊಂದು ಸಲ ಹಾಕು ಅಂದರು. ಶುರುವಿನಲ್ಲಿ ಆ ಮುದುಕ ಮುದುಕಿ ಪ್ರಯಾಣಕ್ಕೆ ಸಾಮಾನು ಕಟ್ಟುತ್ತಿರುತ್ತಾರೆ. ಗಾಳಿ ತುಂಬಿಸುವ ದಿಂಬು ಕಾಣುತ್ತಿಲ್ಲ. ನಿನ್ನ ಹತ್ತಿರವೇ ಕೊಟ್ಟಿದ್ದೆ ಅಂತ ಗಂಡ, ಇಲ್ಲ, ನನ್ನ ಹತ್ತಿರ ಇಲ್ಲ ಅಂತ ಹೆಂಡತಿ. ಕೊನೆಗೆ ಅದು ಅವನ ಚೀಲದಲ್ಲೇ ಸಿಗುತ್ತದೆ. ಓ, ಇಲ್ಲೇ ಇದೆ ಅನ್ನುತ್ತಾನೆ. ನಾನು ಮೂರು ಸಲ ನೋಡಿದರೂ ಈ ದಿಂಬನ್ನು ಗಮನಿಸಿರಲಿಲ್ಲ.

ಅಮ್ಮ ಅಲ್ಲಿ ನಿಲ್ಲಿಸು ಅಂದರು. ನಿಲ್ಲಿಸಿದೆ.

"ನಿಮ್ಮಪ್ಪ ಕನ್ನಡಕ ಹುಡುಕ್ತಾ ಇದ್ದಿದ್ದು ಹೀಗೇ ಅಲ್ವಾ," ಅಂದರು. "ತಲೆ ಮೇಲೆ ಇಟ್ಕೊಂಡು ನನ್ನನ್ನ ಬೈಯೋರು."